ಮಗುವಿನ ನರದ ತೊಂದರೆ: ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ದೊಡ್ಡಾಸ್ಪತ್ರೆಗೆ ಹೊರಡುವ ಮೊದಲು

ಫಿಟ್ಸ್ ಬರುವ ಮಗು, ಕುತ್ತಿಗೆ ನಿಲ್ಲದ ಕೂಸು, ಎರಡು ವರ್ಷ ತುಂಬಿದರೂ ಹೆಜ್ಜೆ ಇಡದ, ಮಾತಾಡದ ಮಗು. ಇಂಥ ಮಕ್ಕಳನ್ನು ಎತ್ತಿಕೊಂಡು ನಮ್ಮ ಮೂರು ಜಿಲ್ಲೆಗಳಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಕುಟುಂಬಗಳು ಬಹಳ. ನಿಮ್ಹಾನ್ಸ್‌ಗೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೋಗಿ, ದಿನವಿಡೀ ಕಾದು, ಕೊನೆಗೆ ವೈದ್ಯರ ಮುಂದೆ ಕುಳಿತಾಗ ಅವರು ಕೇಳುವ ಮೊದಲ ಪ್ರಶ್ನೆಗೇ ಅನೇಕರಲ್ಲಿ ಉತ್ತರ ಇರುವುದಿಲ್ಲ. ಹಳೆಯ ಚೀಟಿಗಳು ಊರಲ್ಲೇ ಉಳಿದಿರುತ್ತವೆ. ಫಿಟ್ಸ್ ಹೇಗೆ ಶುರುವಾಯಿತು ಎಂದು ಕಂಡ ಅಜ್ಜಿ ಮನೆಯಲ್ಲಿರುತ್ತಾಳೆ. ಮಕ್ಕಳ ನರರೋಗದಲ್ಲಿ ಅರ್ಧಕ್ಕಿಂತ ಹೆಚ್ಚು ತೀರ್ಮಾನ ನಿಂತಿರುವುದು ಮನೆಯವರು ಕಂಡದ್ದರ ಮೇಲೆ. ವೈದ್ಯರ ಎದುರೇ ಫಿಟ್ಸ್ ಬರುವುದು ಅಪರೂಪ. ಅದನ್ನು ಕಂಡಿರುವವರು ನೀವು. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಊರು ಬಿಡುವ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಯಾವುದನ್ನು ಕಡೆಗಣಿಸಬಾರದು

ಸಾಮಾನ್ಯವಾಗಿ ನಾಲ್ಕು ತಿಂಗಳಿಗೆ ಮಗುವಿನ ಕುತ್ತಿಗೆ ನಿಲ್ಲಬೇಕು, ಎಂಟು–ಒಂಬತ್ತು ತಿಂಗಳಿಗೆ ಆಸರೆ ಇಲ್ಲದೆ ಕೂರಬೇಕು, ಒಂದೂವರೆ ವರ್ಷದೊಳಗೆ ನಡೆಯಬೇಕು. ‘ಅವರಪ್ಪನೂ ತಡವಾಗಿಯೇ ನಡೆದದ್ದು’ ಎಂಬ ಮಾತು ನಮ್ಮಲ್ಲಿ ಬಹಳ ಸುಲಭವಾಗಿ ಬರುತ್ತದೆ. ಅಪ್ಪ ತಡವಾಗಿ ನಡೆದಿರಬಹುದು, ಆದರೂ ತೋರಿಸಿ. ಹುಟ್ಟಿದ ಕೂಡಲೇ ಅಳದ ಮಗು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹುಟ್ಟಿದ ವಾರದಲ್ಲಿ ಕಾಮಾಲೆ ಏರಿ ಐಸಿಯುನಲ್ಲಿದ್ದ ಮಗುವಾದರೆ ಕಾಯಲೇಬೇಡಿ. ಒಂದು ವರ್ಷ ತುಂಬುವ ಮೊದಲೇ ಮಗು ಎಲ್ಲದಕ್ಕೂ ಒಂದೇ ಕೈ ಚಾಚಿ, ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ ಅದನ್ನು ಎಡಚ ಎಂದುಕೊಳ್ಳಬಾರದು. ಆ ವಯಸ್ಸಿನಲ್ಲಿ ಎರಡೂ ಕೈ ಸಮನಾಗಿ ಆಡಬೇಕು. ನಗುತ್ತಿದ್ದ ಕೂಸು ಆರು ತಿಂಗಳ ನಂತರ ಮಂಕಾಗಿ, ಕೈ ನಡುಗಿ, ಬೆರಳಿನ ಗೆಣ್ಣುಗಳು ಕಪ್ಪಾಗುತ್ತಾ ಬಂದರೆ ಅದು ವಿಟಮಿನ್ ಬಿ12 ಕೊರತೆಯಾಗಿರಬಹುದು. ಹಾಲು ಮೊಸರು ಕೂಡ ಸಾಕಷ್ಟು ಸಿಗದ ಸಸ್ಯಾಹಾರಿ ತಾಯಿಯ ಎದೆಹಾಲನ್ನೇ ನೆಚ್ಚಿದ ಕೂಸುಗಳಲ್ಲಿ ಇದು ಕಾಣುತ್ತದೆ. ಬೇಗ ಗುರುತಿಸಿದರೆ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತದೆ.

ಒಂದನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಅದು ತಪ್ಪಿಹೋಗುವಷ್ಟು ಬೇರೆ ಯಾವುದೂ ತಪ್ಪಿಹೋಗುವುದಿಲ್ಲ. ಐದಾರು ತಿಂಗಳ ಕೂಸು ನಿದ್ದೆಯಿಂದ ಎದ್ದು ತಾಯಿಯ ತೊಡೆಯ ಮೇಲಿದೆ. ಇದ್ದಕ್ಕಿದ್ದಂತೆ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಅಗಲಕ್ಕೆ ಚಾಚುತ್ತವೆ, ಕಾಲು ಹೊಟ್ಟೆಯ ಕಡೆ ಮಡಚುತ್ತವೆ. ಒಂದೆರಡು ಸೆಕೆಂಡಿನಲ್ಲಿ ಸರಿಹೋಗುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಅದೇ. ಹೀಗೆ ಒಂದರ ಹಿಂದೊಂದು ಹತ್ತು, ಹದಿನೈದು, ಇಪ್ಪತ್ತು ಸಲ. ನಡುವೆ ಕೂಸು ಅಳುತ್ತದೆ. ಮನೆಯವರು ಬೆಚ್ಚಿ ಬೀಳುತ್ತಿದೆ ಎನ್ನುತ್ತಾರೆ, ಹೊಟ್ಟೆನೋವು ಎನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಅಗರಬತ್ತಿಯಿಂದ ಬರೆ ಹಾಕಿಸುವವರೂ ಇದ್ದಾರೆ. ಇದು ಶೈಶವದ ಸೆಳೆತ; ವೈದ್ಯರು ವೆಸ್ಟ್ ಸಿಂಡ್ರೋಮ್ ಎಂದು ಬರೆಯುತ್ತಾರೆ. ಹೆಚ್ಚಾಗಿ ಮೂರರಿಂದ ಹನ್ನೆರಡು ತಿಂಗಳೊಳಗೆ ಶುರುವಾಗುತ್ತದೆ. ನೋಡಲು ಸಣ್ಣದು, ಮಿದುಳಿನ ಬೆಳವಣಿಗೆಯನ್ನು ಕೆಡಿಸುವುದರಲ್ಲಿ ಬಹಳ ದೊಡ್ಡದು. ಹಾರ್ಮೋನ್ ಇಂಜೆಕ್ಷನ್ ಅಥವಾ ಸ್ಟಿರಾಯ್ಡ್, ವಿಗಾಬಾಟ್ರಿನ್ ಎಂಬ ಔಷಧಗಳಿವೆ, ಆದರೆ ವಾರಗಳು ತಡವಾದಷ್ಟೂ ಫಲ ಕಡಿಮೆ. ಹೀಗೆ ಕಂಡರೆ ಮೊಬೈಲ್‌ನಲ್ಲಿ ವಿಡಿಯೊ ತೆಗೆದು ಆ ದಿನವೇ ಮಕ್ಕಳ ವೈದ್ಯರಿಗೆ ತೋರಿಸಿ. ಬರೆ ಹಾಕಿಸುವುದರಿಂದ ಕೂಸಿಗೆ ಗಾಯ, ಸೋಂಕು ಆಗುತ್ತದೆ. ಕಾಯಿಲೆ ಹಾಗೆಯೇ ಉಳಿಯುತ್ತದೆ.

ಗಂಡು ಮಕ್ಕಳಲ್ಲಿ ಇನ್ನೊಂದು. ಮೂರು–ಐದು ವರ್ಷದ ಹುಡುಗ ನೆಲದಿಂದ ಏಳುವಾಗ ಮೊದಲು ಬೋರಲಾಗಿ, ಕೈಯನ್ನು ಮೊಣಕಾಲಿಗೆ, ಆಮೇಲೆ ತೊಡೆಗೆ ಊರುತ್ತಾ ತನ್ನ ಮೈಯನ್ನೇ ಹತ್ತಿ ಏಳುತ್ತಾನೆ. ಮೀನಖಂಡ ದಪ್ಪಗಿರುತ್ತದೆ, ಪದೇಪದೇ ಬೀಳುತ್ತಾನೆ. ಸಿಪಿಕೆ ಎಂಬ ರಕ್ತಪರೀಕ್ಷೆಯಿಂದ ಸ್ನಾಯುಕ್ಷಯದ ಸುಳಿವು ಸಿಗುತ್ತದೆ.

ಫಿಟ್ಸ್ ಬಂದ ಆ ಐದು ನಿಮಿಷ

ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಕೊರಳಿನ ಗುಂಡಿ ಬಿಚ್ಚಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ಬೇಡ. ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿ ಕೀಲಿಕೈ ಇದ್ದರೆ ಕೀಲಿಕೈಯೇ ನಿಲ್ಲಿಸಿತು ಎಂದು ನಂಬಿಕೆ ಬೆಳೆದಿದೆ. ನಿಮ್ಮ ಕೈ ಹೋಗಬೇಕಾದದ್ದು ಗಡಿಯಾರದ ಕಡೆಗೆ. ಐದು ನಿಮಿಷ ದಾಟಿದರೆ, ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಪದೇಪದೇ ಫಿಟ್ಸ್ ಬರುವ ಮಕ್ಕಳ ಮನೆಯಲ್ಲಿ ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೊಲಾಮ್ ಸ್ಪ್ರೇ ಇಟ್ಟುಕೊಳ್ಳಬಹುದು. ಮಗುವಿನ ತೂಕಕ್ಕೆ ಎಷ್ಟು ಸಲ ಒತ್ತಬೇಕು ಎಂದು ವೈದ್ಯರಿಂದ ಡಬ್ಬಿಯ ಮೇಲೆಯೇ ಬರೆಸಿಕೊಳ್ಳಿ. ತೋಟದ ಮನೆಯಲ್ಲೋ ತಾಂಡಾದಲ್ಲೋ ಇರುವವರಿಗೆ ಇದು ಜೀವ ಉಳಿಸುವ ವಸ್ತು.

ಆರು ತಿಂಗಳಿಂದ ಐದು ವರ್ಷದೊಳಗೆ ಜ್ವರ ಬಂದಾಗ ಮಾತ್ರ ಬರುವ, ಹದಿನೈದು ನಿಮಿಷದೊಳಗೆ ನಿಲ್ಲುವ, ಇಡೀ ಮೈಗೆ ಬರುವ, ಒಂದು ದಿನದಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಳ್ಳುವ ಫಿಟ್ಸ್ ಬೇರೆ ಜಾತಿ. ಜ್ವರಕ್ಕೆ ಕಾರಣವೇನೆಂದು ವೈದ್ಯರು ನೋಡಲೇಬೇಕು. ಆದರೆ ಮಗು ಆಮೇಲೆ ಚುರುಕಾಗಿ ಆಡಿಕೊಂಡಿದ್ದರೆ ಅದಕ್ಕೆ ಸಾಮಾನ್ಯವಾಗಿ ಇಇಜಿಯಾಗಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಎಂಆರ್‌ಐ (ಮಿದುಳಿನ ಸ್ಕ್ಯಾನ್) ಆಗಲಿ ಬೇಕಾಗುವುದಿಲ್ಲ, ವರ್ಷಗಟ್ಟಲೆ ಮಾತ್ರೆಯೂ ಬೇಡ. ಇಂಥ ಮಗುವಿಗಾಗಿ ಸಾಲ ಮಾಡಿ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಮೊದಲ ಮೆಟ್ಟಿಲು ಹತ್ತಿರದ್ದೇ ಆಗಿರಲಿ

ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೆಸರು ಬದಲಾಗಿದ್ದರೂ ಜನರ ಬಾಯಲ್ಲಿ ಇನ್ನೂ ವಿಮ್ಸ್. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಮಕ್ಕಳ ವಿಭಾಗ ಮೂರೂ ಕಡೆ ಇದೆ. ಅಲ್ಲಿಂದಲೇ ಶುರು ಮಾಡಲು ಎರಡು ಕಾರಣ. ತುರ್ತು ಚಿಕಿತ್ಸೆ, ಮೊದಲ ರಕ್ತಪರೀಕ್ಷೆ, ಮಾತ್ರೆ ಆರಂಭಿಸುವುದು ಅಲ್ಲೇ ಆಗುತ್ತದೆ. ಜೊತೆಗೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವ ಸೌಲಭ್ಯಕ್ಕೆ, ತುರ್ತಲ್ಲದ ಚಿಕಿತ್ಸೆಯಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, ಆ ಒಂದು ಕಾಗದಕ್ಕಾಗಿ ಊರಿಗೆ ಮರಳಿದವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂಗನವಾಡಿ, ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ನೆನಪಿರಲಿ. 2013ರಲ್ಲಿ ಶುರುವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಬೆಳವಣಿಗೆಯ ಕುಂಠಿತ ಅದರ ಪಟ್ಟಿಯಲ್ಲೇ ಇದೆ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಅವರು ಮಗುವನ್ನು ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ ಒಂದೇ ಕಡೆ ಸಿಗಲಿ ಎಂದೇ ಈ ಕೇಂದ್ರಗಳನ್ನು ರೂಪಿಸಲಾಗಿದೆ. ಕಾಯಿಲೆಯ ಹೆಸರು ಗೊತ್ತಾಗುವವರೆಗೆ ಥೆರಪಿ ಕಾಯಬೇಕಾಗಿಲ್ಲ. ಇಂದೇ ಆರಂಭಿಸಬಹುದು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೇಂದ್ರ ಸರ್ಕಾರದ ದೊಡ್ಡಾಸ್ಪತ್ರೆ ಏಮ್ಸ್ ತಮ್ಮಲ್ಲೇ ಬೇಕೆಂದು ರಾಯಚೂರಿನ ಜನ 2022ರಲ್ಲಿ ಧರಣಿ ಕುಳಿತರು. ಅದರ ಹಿಂದಿನ ಸಂಕಟವನ್ನು ಇಂಥ ಮಕ್ಕಳ ತಾಯಂದಿರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಲ್ಯಾಣ ಕರ್ನಾಟಕದ ನೆಲದಲ್ಲೇ ಪೂರ್ಣ ಪ್ರಮಾಣದ ಮಕ್ಕಳ ನರರೋಗ ವಿಭಾಗ ಬೇಕು. ಅದು ಬರುವವರೆಗೆ ಪ್ರಯಾಣ ತಪ್ಪುವುದಿಲ್ಲ.

ಚೀಲದಲ್ಲಿ ಏನಿರಬೇಕು

ತಾಯಿ ಕಾರ್ಡ್ ಮೊದಲು. ಹೆರಿಗೆ ಎಲ್ಲಿ, ಹೇಗೆ ಆಯಿತು, ಮಗುವಿನ ತೂಕ ಎಷ್ಟಿತ್ತು ಎಂಬುದು ಅದರಲ್ಲಿರುತ್ತದೆ. ಹೆರಿಗೆಯ ನಂತರ ಮಗು ಐಸಿಯುನಲ್ಲಿದ್ದರೆ ಅಲ್ಲಿಯ ಡಿಸ್ಚಾರ್ಜ್ ಕಾರ್ಡ್ ಬೇಕೇ ಬೇಕು. ಕಳೆದಿದ್ದರೆ ಆ ಆಸ್ಪತ್ರೆಗೆ ಹೋಗಿ ನಕಲು ಕೇಳಿ. ರೆಫರಲ್ ಪತ್ರ, ಬಿಪಿಎಲ್ ಪಡಿತರ ಚೀಟಿ, ತಂದೆ ತಾಯಿ ಇಬ್ಬರ ಹಾಗೂ ಮಗುವಿನ ಆಧಾರ್, ಇವುಗಳ ಎರಡೆರಡು ಜೆರಾಕ್ಸ್. ಎಂಆರ್‌ಐ ಆಗಿದ್ದರೆ ವರದಿಯ ಕಾಗದ ಸಾಲದು, ಫಿಲ್ಮ್ ಅಥವಾ ಸಿಡಿ ಬೇಕು. ಈಗ ಕೊಡುತ್ತಿರುವ ಔಷಧಿಯ ಬಾಟಲಿಗಳನ್ನೇ ಒಯ್ಯಿರಿ. ‘ಬಿಳಿ ಸಿರಪ್, ದಿನಕ್ಕೆರಡು ಸಲ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಒಂದೇ ಔಷಧಿ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ.

ಇನ್ನು ಒಂದು ನೂರು ಪುಟದ ನೋಟ್‌ಬುಕ್. ಫಿಟ್ಸ್ ಬಂದ ದಿನಾಂಕ, ಸಮಯ, ಎಷ್ಟು ನಿಮಿಷ, ನಿದ್ದೆಯಲ್ಲೋ ಎಚ್ಚರದಲ್ಲೋ, ಜ್ವರ ಇತ್ತೋ ಇಲ್ಲವೋ, ಆ ದಿನ ಮಾತ್ರೆ ತಪ್ಪಿತ್ತೋ ಎಂದು ಬರೆಯುತ್ತಾ ಬನ್ನಿ. ಮುಖ್ಯವಾಗಿ, ಮೊದಲು ಏನಾಯಿತು: ಕಣ್ಣು ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಅದುರಿತು. ಎಡಗೈಯಿಂದ ಶುರುವಾಯಿತು ಎಂಬ ಒಂದೇ ಸಾಲು ಮಿದುಳಿನ ಯಾವ ಭಾಗ ನೋಡಬೇಕು ಎಂಬುದಕ್ಕೆ ದಾರಿ ತೋರಿಸುತ್ತದೆ. ವಿಡಿಯೊ ತೆಗೆಯುವಾಗ ಮುಖದ ಮೇಲೆ ಮಾತ್ರ ಕ್ಯಾಮೆರಾ ಇಡಬೇಡಿ. ಹೊದಿಕೆ ಸರಿಸಿ, ದೀಪ ಹಾಕಿ, ಕೈಕಾಲು ಎಲ್ಲವೂ ಕಾಣುವಂತೆ ದೂರದಿಂದ ತೆಗೆಯಿರಿ.

ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ಸ್ಲೀಪರ್, ಎಸಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಪ್ರಯಾಣಕ್ಕೆ ಅನುಕೂಲ. ದಾರಿಯಲ್ಲಿ ಮಾತ್ರೆಯ ಹೊತ್ತು ತಪ್ಪದಿರಲಿ. ಔಷಧಿಯ ಚೀಲ ಸೀಟಿನ ಕೆಳಗೆ ಬೇಡ, ಕೈಯಲ್ಲೇ ಇರಲಿ.

ವಿಭಾಗದೊಳಗೆ

ಮಕ್ಕಳ ನರರೋಗ ತಜ್ಞರಾಗಲು ಎಂಬಿಬಿಎಸ್ ಆದ ಮೇಲೆ ಮಕ್ಕಳ ವೈದ್ಯಶಾಸ್ತ್ರದಲ್ಲಿ ಮೂರು ವರ್ಷ ಎಂಡಿ, ಅದರ ಮೇಲೆ ಮತ್ತೆ ಮೂರು ವರ್ಷ ಡಿಎಂ ಎಂಬ ಉನ್ನತ ಪದವಿ ಓದಬೇಕು. ಆದ್ದರಿಂದ ಇಂಥ ವಿಭಾಗಗಳಲ್ಲಿ ಕಲಿಯುತ್ತಿರುವ ವೈದ್ಯರು ಯಾವಾಗಲೂ ಇರುತ್ತಾರೆ. ಮೊದಲು ಒಬ್ಬ ಕಿರಿಯ ವೈದ್ಯರು ಪೂರ್ತಿ ಕಥೆ ಕೇಳುತ್ತಾರೆ, ಆಮೇಲೆ ಇನ್ನೊಬ್ಬರು, ಕೊನೆಗೆ ಹಿರಿಯರು. ‘ಒಂದೇ ವಿಷಯ ಎಷ್ಟು ಸಲ ಹೇಳುವುದು’ ಎಂದು ಬೇಸರವಾಗುತ್ತದೆ. ಬೇಸರ ಮಾಡಿಕೊಳ್ಳದೆ ಪ್ರತಿಸಲವೂ ಪೂರ್ತಿ ಹೇಳಿ. ಎರಡನೆಯ ಸಲ ಹೇಳುವಾಗ ಮೊದಲು ಮರೆತದ್ದು ನೆನಪಾಗುತ್ತದೆ. ಮಗು ದಣಿದಿದ್ದರೆ ‘ಡಾಕ್ಟರೇ, ಹಾಲು ಕುಡಿಸಿ ಕರೆತರುತ್ತೇನೆ’ ಎನ್ನಲು ನಿಮಗೆ ಹಕ್ಕಿದೆ. ಅಲ್ಲಿ ಕಲಿತವರೇ ನಾಳೆ ನಮ್ಮ ಜಿಲ್ಲೆಗಳಿಗೆ ಬರಬೇಕಾದವರು. 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ನಿಮ್ಹಾನ್ಸ್ ಜಿಲ್ಲಾ ಮಟ್ಟದ ವೈದ್ಯರಿಗೆ ತರಬೇತಿ ಕೊಡುತ್ತಿರುವುದೂ ಇದೇ ಉದ್ದೇಶಕ್ಕೆ.

ವೈದ್ಯರು ಕುಟುಂಬದ ವಂಶವೃಕ್ಷ ಬರೆದುಕೊಳ್ಳುತ್ತಾರೆ. ಗಂಡ ಹೆಂಡಿರು ಸಂಬಂಧಿಕರೇ, ಸೋದರಮಾವನೇ, ಅತ್ತೆಯ ಮಗನೇ ಎಂದು ಕೇಳುತ್ತಾರೆ. ನಮ್ಮ ಭಾಗದಲ್ಲಿ ಒಳಸಂಬಂಧದ ಮದುವೆ ಸಾಮಾನ್ಯ, ಮುಚ್ಚಿಡಬೇಡಿ. ಹಿಂದೆ ತೀರಿಕೊಂಡ ಮಗುವಿದ್ದರೆ ಅದನ್ನೂ ಹೇಳಿ. ಇಬ್ಬರೂ ಒಂದೇ ದೋಷವಿರುವ ಜೀನ್ ಹೊತ್ತಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಆ ಜೀನ್ ಅಪ್ಪನಿಂದ ಒಂದು, ಅವ್ವನಿಂದ ಒಂದು ಬಂದಿರುತ್ತದೆ. ‘ನಿನ್ನ ಹೊಟ್ಟೆಯಲ್ಲೇ ದೋಷ’ ಎಂದು ಸೊಸೆಯನ್ನು ಹಂಗಿಸುವ ಮನೆಗಳಿವೆ. ಅಂಥ ಹಿರಿಯರನ್ನು ಈ ಮಾತುಕತೆಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ. ಮುಂದಿನ ಗರ್ಭ ನಿಲ್ಲುವ ಮೊದಲೇ ಜೆನೆಟಿಕ್ ಸಲಹೆ ಕೇಳುವುದು ಒಳ್ಳೆಯದು.

ಇಇಜಿಗೆ ಹೋಗುವ ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ. ಶಾಂಪೂವಿನಲ್ಲಿ ತೊಳೆದು ಒಣಗಿಸಿ. ಎಣ್ಣೆ ಇದ್ದರೆ ತಂತಿಗಳು ಅಂಟುವುದಿಲ್ಲ. ಮಗು ನಿದ್ದೆ ಮಾಡುವಾಗಿನ ದಾಖಲೆ ಬೇಕಾಗುವುದರಿಂದ ಹಿಂದಿನ ರಾತ್ರಿ ಕಡಿಮೆ ಮಲಗಿಸಲು ಹೇಳುತ್ತಾರೆ. ರೈಲಿನಲ್ಲಿ ಬರುವವರು ಮಗುವನ್ನು ಬೆಳಗಿನ ಜಾವ ಎಬ್ಬಿಸಿ ಆಟವಾಡಿಸುತ್ತಿರಬೇಕು. ಫಿಟ್ಸ್ ಮಾತ್ರೆ ನಿಲ್ಲಿಸಬೇಕೆಂದು ವೈದ್ಯರೇ ಹೇಳದ ಹೊರತು ನಿಲ್ಲಿಸಬಾರದು. ಎಂಆರ್‌ಐಗೆ ಚಿಕ್ಕ ಮಕ್ಕಳನ್ನು ಔಷಧಿ ಕೊಟ್ಟು ಮಲಗಿಸುತ್ತಾರೆ. ಸಾಮಾನ್ಯವಾಗಿ ಊಟ, ಹಸುವಿನ ಹಾಲು ಆರು ಗಂಟೆ ಮೊದಲು ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ ಮೊದಲು. ‘ಪಾಪ, ಹಸಿದಿದೆ’ ಎಂದು ಕದ್ದು ಬಿಸ್ಕತ್ತು ಕೊಟ್ಟರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಕುತ್ತಾಗಬಹುದು. ಉಡಿದಾರ, ತಾಯತ, ಕಾಲ್ಗೆಜ್ಜೆ, ಬೆಳ್ಳಿಯ ಬಳೆಗಳನ್ನು ಹಿಂದಿನ ದಿನವೇ ಬಿಚ್ಚಿಡಿ. ಲೋಹದ ಯಾವ ವಸ್ತುವೂ ಆ ಕೋಣೆಗೆ ಹೋಗಬಾರದು.

ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದಾಗ

‘ನಮ್ಮ ಮಗುವಿನ ಮೇಲೆ ಪ್ರಯೋಗ ಮಾಡುತ್ತಾರಂತೆ’ ಎಂದು ಹೆದರಿ ಆಸ್ಪತ್ರೆಯನ್ನೇ ಬಿಟ್ಟು ಬರುವವರಿದ್ದಾರೆ. ಈ ಹೆದರಿಕೆ ಹೋಗಬೇಕು, ಎಚ್ಚರ ಉಳಿಯಬೇಕು.

ಸಂಶೋಧನೆಯಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಹುಟ್ಟುವಾಗ ಉಸಿರುಗಟ್ಟಿದ ಕೂಸುಗಳ ಮೈಯನ್ನು ಮೂರು ದಿನ ತಣ್ಣಗೆ ಇಟ್ಟರೆ ಮಿದುಳು ಉಳಿಯುತ್ತದೆ ಎಂದು ಶ್ರೀಮಂತ ದೇಶಗಳಲ್ಲಿ ಕಂಡುಕೊಂಡಿದ್ದರು. ಅದೇ ಚಿಕಿತ್ಸೆಯನ್ನು ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಕೂಸುಗಳಲ್ಲಿ ಪರೀಕ್ಷಿಸಿದ ಹೀಲಿಕ್ಸ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಇಲ್ಲಿ ಅದರಿಂದ ಲಾಭವಾಗಲಿಲ್ಲ, ಸಾವು ಹೆಚ್ಚಾಯಿತು. ನಮ್ಮ ಮಕ್ಕಳ ಮೇಲೆ ಅಧ್ಯಯನ ನಡೆಯದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಇನ್ನೊಂದು ನಮ್ಮ ರಾಜ್ಯದ್ದೇ. ತಲೆಗೆ ಬಿಸಿನೀರು ಹೊಯ್ದಾಗ ಮಾತ್ರ ಬರುವ ಒಂದು ಬಗೆಯ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದು, ನಿಮ್ಹಾನ್ಸ್ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ನೀರಿನ ಬಿಸಿ ಕಡಿಮೆ ಮಾಡುವುದು, ಬೇಕಿದ್ದರೆ ತಲೆಸ್ನಾನಕ್ಕೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವುದು, ಇಷ್ಟರಲ್ಲೇ ಎಷ್ಟೋ ಮಂದಿಗೆ ಹತೋಟಿಗೆ ಬರುತ್ತದೆ. ‘ಸ್ನಾನ ಮಾಡಿಸುವಾಗಲೇ ಹೀಗಾಗುತ್ತದೆ’ ಎಂದು ಮನೆಯವರು ಹೇಳದಿದ್ದರೆ ಈ ಕಾಯಿಲೆಯ ಗುರುತೇ ಸಿಗುವುದಿಲ್ಲ.

ಸಹಿ ಮಾಡುವ ಮೊದಲು ಮಾಹಿತಿ ಪತ್ರ ಕನ್ನಡದಲ್ಲಿ ಕೇಳಿ. ಓದಲು ಬಾರದಿದ್ದರೆ, ಆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬರನ್ನು ಸಾಕ್ಷಿಯಾಗಿ ಕೂರಿಸಿಕೊಂಡು ಓದಿಸಿ. ಯಾವ ಔಷಧಿ, ಎಷ್ಟು ಸಲ ರಕ್ತ ತೆಗೆಯುತ್ತಾರೆ, ಬರಹೋಗುವ ಖರ್ಚು ಯಾರದು, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಔಷಧ ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ನೀವು ಬೇಡವೆಂದರೂ, ಮಧ್ಯದಲ್ಲಿ ಬಿಟ್ಟರೂ ಮಾಮೂಲು ಚಿಕಿತ್ಸೆ ನಿಲ್ಲಬಾರದು. ಮನೆಯವರ ಜೊತೆ ಮಾತಾಡಿ ಹೇಳುತ್ತೇನೆ ಎಂದು ಸಮಯ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಊರಿಗೆ ಮರಳಿದ ಮೇಲೆ

ವಿಭಾಗದಿಂದ ಹೊರಡುವ ಮೊದಲು ಊರಿನ ಮಕ್ಕಳ ವೈದ್ಯರಿಗೆ ಒಂದು ಪತ್ರ ಬರೆಸಿಕೊಳ್ಳಿ: ಕಾಯಿಲೆ ಏನು, ಯಾವ ಔಷಧಿ, ಯಾವಾಗ ಹೆಚ್ಚಿಸಬೇಕು, ಯಾವ ಲಕ್ಷಣ ಕಂಡರೆ ವಾಪಸು ಕಳಿಸಬೇಕು. ಈ ಪತ್ರವಿದ್ದರೆ ಪ್ರತಿ ತಿಂಗಳು ಬೆಂಗಳೂರಿಗೆ ಓಡುವುದು ತಪ್ಪುತ್ತದೆ.

ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಆರು ತಿಂಗಳು ಫಿಟ್ಸ್ ಬರಲಿಲ್ಲ, ಸರಿಹೋಯಿತು ಎಂದು ನಿಲ್ಲಿಸುವುದು ನಮ್ಮಲ್ಲಿ ಪದೇಪದೇ ನಡೆಯುತ್ತದೆ. ಹಾಗೆ ಒಮ್ಮೆಲೇ ನಿಲ್ಲಿಸಿದಾಗ ಬರುವ ಫಿಟ್ಸ್ ನಿಲ್ಲದೆ ಹೋಗಬಹುದು. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದೆ ಕಳೆದ ಮೇಲೆ ವೈದ್ಯರೇ ನಿಧಾನವಾಗಿ ಕಡಿಮೆ ಮಾಡುತ್ತಾರೆ. ಸಿರಪ್ಪನ್ನು ಅದರ ಜೊತೆ ಬಂದ ಅಳತೆಯ ಮುಚ್ಚಳ ಅಥವಾ ಸಿರಿಂಜಿನಲ್ಲೇ ಅಳೆಯಿರಿ. ಹೊಸ ಮಾತ್ರೆ ಶುರುವಾದ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಎದ್ದರೆ ಅಂದೇ ವೈದ್ಯರನ್ನು ಕಾಣಿ. ವ್ಯಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ತೆಗೆದುಕೊಳ್ಳುವ ಮಗು ಬಿಡದೆ ವಾಂತಿ ಮಾಡಿ ಮಂಕಾದರೂ ಹಾಗೆಯೇ. ಟೊಪಿರಾಮೇಟ್, ಜೋನಿಸಮೈಡ್ ಎಂಬ ಔಷಧಿಗಳು ಬೆವರುವುದನ್ನು ಕಡಿಮೆ ಮಾಡುತ್ತವೆ. ನಲವತ್ತು ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಆ ಮಕ್ಕಳ ಮೈ ಕಾಯಬಹುದು. ಬಿಸಿಲಿಗೆ ಬಿಡಬೇಡಿ, ನೀರು ಕುಡಿಸುತ್ತಿರಿ, ಈ ಊರಿನ ಬಿಸಿಲಿನ ವಿಷಯ ಬೆಂಗಳೂರಿನ ವೈದ್ಯರಿಗೂ ಹೇಳಿ.

ಫಿಟ್ಸ್ ಇರುವ ಮಗು ತುಂಗಭದ್ರಾ ಕಾಲುವೆಗಾಗಲಿ, ಬಾವಿ ಕೆರೆಗಾಗಲಿ ಒಂಟಿಯಾಗಿ ಹೋಗಬಾರದು, ಬಟ್ಟೆ ಒಗೆಯಲೂ ಸಹ. ಒಲೆಯ ಮುಂದೆ ಒಬ್ಬಳೇ ಕೂರಬಾರದು. ಇಷ್ಟು ಬಿಟ್ಟರೆ ಶಾಲೆ, ಆಟ, ಜಾತ್ರೆ ಎಲ್ಲವೂ ಇರಲಿ. ಗುರುಗಳಿಗೆ ವಿಷಯ ತಿಳಿಸಿ, ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಡಿ.

ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಮೈಯ ಚಲನೆ ಹತೋಟಿ ತಪ್ಪಿರುವ ಸ್ಥಿತಿ) ಇರುವ ಮಗುವಿಗೆ ಮಲಗಿಸಿ ಗಂಜಿ ಕುಡಿಸಬೇಡಿ. ತಲೆ, ಬೆನ್ನು ನೆಟ್ಟಗಿರುವಂತೆ ಕೂರಿಸಿ, ಅಂಬಲಿ ಸ್ವಲ್ಪ ಗಟ್ಟಿಯಾಗಿರಲಿ, ಚಮಚದಿಂದ ನಿಧಾನವಾಗಿ ಕೊಡಿ. ಥೆರಪಿಸ್ಟ್ ಕಲಿಸಿದ್ದನ್ನು ಎತ್ತಿಕೊಳ್ಳುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ತೊಡಿಸುವಾಗ ದಿನಕ್ಕೆ ನಾಲ್ಕಾರು ಸಲ ಸೇರಿಸಿಕೊಳ್ಳುವುದು ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕಾಗದದ ಕೆಲಸ ಒಂದು ಉಳಿಯುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ಅಂಗವೈಕಲ್ಯದ ಪ್ರಮಾಣ ನಿರ್ಧರಿಸುತ್ತಾರೆ. 40 ಪ್ರತಿಶತ ಅಥವಾ ಹೆಚ್ಚಿದ್ದರೆ ಮಾಸಾಶನ, ಬಸ್ ಪಾಸ್‌ಗಳಿಗೆ ದಾರಿಯಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಥ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಗಾಲಿಕುರ್ಚಿ, ಕಾಲಿಗೆ ಆಸರೆಯಾಗುವ ಕ್ಯಾಲಿಪರ್‌ಗಳನ್ನು ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ಶಿಬಿರಗಳಲ್ಲಿ ಕೊಡುತ್ತಾರೆ. ಶಿಬಿರ ಯಾವಾಗ ಎಂದು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ, ಇಲ್ಲವೇ ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸಿ. ಮಗು ಬೆಳೆದಂತೆ ಕ್ಯಾಲಿಪರ್ ಚಿಕ್ಕದಾಗುತ್ತದೆ, ಆದ್ದರಿಂದ ಅಳತೆ ಕೊಟ್ಟ ದಿನಾಂಕವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.